ಚೆಸಾರಿನಾಳಿಗೆ ಹೊತ್ತ ಹರಕೆ

ಅಂದು ಶನಿವಾರ ಬೆಳಗ್ಗೆ ನೇಪಲ್ಸಿನ ಮೇಲೆ ಬಿಸಿಗಾಳಿ ಎದ್ದಿತ್ತು. ಸಮುದ್ರದಾಚೆಯ ಮರಳುಗಾಡಿನಿಂದ ಬರುವ ಗಾಳಿ ಅದು. ಮಳೆಯಿಲ್ಲ, ಬಿಸಿಲೂ ಇಲ್ಲ. ಆಕಾಶ ತೊಳೆಯದ ಹಿತ್ತಾಳೆ ತಟ್ಟೆಯ ಹಾಗೆ ಮಂಕಾಗಿತ್ತು. ಬೀದಿಗೆ ಅಡ್ಡಲಾಗಿ ಒಣಹಾಕಿದ ಬಟ್ಟೆಗಳ ಮೇಲೆಲ್ಲ ಕೆಂಪು ಧೂಳು ಕೂತಿತ್ತು. ಇಂಥ ಗಾಳಿ ಬೀಸಿದ ದಿನ ಹಾಲು ಒಡೆಯುತ್ತದೆ, ಗಂಡಹೆಂಡಿರ ಮನಸ್ಸು ಒಡೆಯುತ್ತದೆ, ಸತ್ತವರು ನೀರು ಕೇಳುತ್ತಾರೆ ಎಂದು ಸಾನಿತಾ ಕೇರಿಯ ಮುದುಕಿಯರು ಹೇಳುವುದುಂಟು.

ಅದರಲ್ಲೂ ಅದು ಅಕ್ಟೋಬರಿನ ಕೊನೆಯ ದಿನ. ಸೋಮವಾರ ಬಂದರೆ ಸತ್ತವರ ಹಬ್ಬ.

ಆ ಕೇರಿಯ ಸಂತೆಬೀದಿಯಲ್ಲಿ ಒರ್ನೆಲ್ಲಾ ಗಂಡನ ಹಿಂದೆ ನಡೆಯುತ್ತಿದ್ದಳು. ಗಂಡ ಸಬಾತೊ ಯಾವಾಗಲೂ ಎರಡು ಹೆಜ್ಜೆ ಮುಂದೆ. ಮೂರು ವರ್ಷದಿಂದ ಆ ಎರಡು ಹೆಜ್ಜೆ ಹಾಗೆಯೇ ಉಳಿದಿತ್ತು.

ಆಗ ಯಾರೋ ಅವಳ ಮುಂಗೈ ಹಿಡಿದರು. ಒಣಗಿದ ಬೇರಿನಂಥ ಬೆರಳುಗಳು. ಕಪ್ಪು ಉಡುಪಿನ ಕುಳ್ಳ ಮುದುಕಿಯೊಬ್ಬಳು ಅವಳ ಕೈ ಹಿಡಿದು ಕಣ್ಣು ಮಾತ್ರ ಸಬಾತೊನ ಮೇಲೆ ನೆಟ್ಟಿದ್ದಳು.

"ಕರ್ಕೊಂಡು ಬಂದ್ಯಾ ಮಗಾ, ಕೊನೆಗೂ?"

ಸಬಾತೊ ತಿರುಗಿದ. ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಒಂಬತ್ತು ವರ್ಷ ಕಾದಿದ್ದಾಳೆ ಅವಳು. ಇನ್ನಾದ್ರೂ ಬಂದು ಮುಖ ತೋರ್ಸು."

"ಯಾರಮ್ಮ ನೀನು? ನಂಗೆ ಗುರುತಿಲ್ಲ."

"ಗುರುತಿಲ್ವಾ? ನಿನ್ನ ಮೂಗು ಒರೆಸಿದ ಕೈ ಕಣೋ ಇದು." ಮುದುಕಿ ನಕ್ಕಳು. ನಗುವಿನಲ್ಲಿ ಕೋಪವಿರಲಿಲ್ಲ. "ನಂಗೇನೂ ಬೇಜಾರಿಲ್ಲ ಬಿಡು. ಅವಳ ಮುಂದೆ ನಿಂತು ಹೀಗಂತೀಯಾ, ಗುರುತಿಲ್ಲ ಅಂತ?"

ಒರ್ನೆಲ್ಲಾ ಗಂಡನ ಮುಖ ನೋಡಿದಳು.

'ಅವಳು...? ಯಾವ ಅವಳು?'

"ಬಾ ಒರ್ನೆ, ಹುಚ್ಚು ಮುದುಕಿ. ತಡ ಆದ್ರೆ ಮ್ಯೂಸಿಯಂ ಮುಚ್ಚುತ್ತೆ," ಎಂದ ಸಬಾತೊ.

ಬೆಳಗಿನ ಹತ್ತು ಗಂಟೆ. ಮ್ಯೂಸಿಯಂ ಸಂಜೆಯವರೆಗೆ ತೆರೆದಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

---

ಒರ್ನೆಲ್ಲಾ ಉತ್ತರದ ವೆರ್ಚೆಲ್ಲಿಯವಳು. ಭತ್ತದ ಗದ್ದೆ, ಮೊಣಕಾಲುದ್ದ ನೀರು, ಆರು ತಿಂಗಳು ಮಂಜು, ಅಂಥ ಊರು. ಅಲ್ಲಿ ಸಣ್ಣ ಶಾಲೆಯಲ್ಲಿ ಟೀಚರು. ಒಂಬತ್ತು ವರ್ಷದ ಹಿಂದೆ ಜೊತೆಯ ಟೀಚರುಗಳ ಸಂಗಡ ಮೂರು ದಿನಕ್ಕೆಂದು ನೇಪಲ್ಸ್ ನೋಡಲು ಬಂದಿದ್ದಳು. ಒಂದು ಮಠದ ಒಳಾಂಗಣದಲ್ಲಿ ತಲೆಯೆತ್ತಿ ಚಾವಣಿ ನೋಡುತ್ತಿದ್ದಾಗ ಟೋಪಿಯ ಮೇಲೆ ಒಂದು ಹಿಡಿ ಹಸಿ ಗಾರೆ ಬಿತ್ತು. ಮೇಲೆ ಅಟ್ಟಣೆಯ ಮೇಲಿದ್ದ ಗಾರೆಯವನು ಮೊದಲು ನಕ್ಕ, ಆಮೇಲೆ ಹೆದರಿದ, ಆಮೇಲೆ ಇಳಿದು ಬಂದ.

ಅವನೇ ಸಬಾತೊ.

ಆ ಮೂರು ದಿನ ಅವನು ಅವಳಿಗೆ ಊರೆಲ್ಲ ತೋರಿಸಿದ. ಊರಿಗೆ ಹಿಂದಿರುಗಿದ ಎರಡು ತಿಂಗಳಿಗೆ ಅವಳೇ ಮೊದಲು ಕಾಗದ ಬರೆದಳು. ಆ ವರ್ಷವೇ ಮದುವೆಯಾಯಿತು. ಅವನು ತನ್ನ ಕರಣೆ, ತಟ್ಟುಹಲಗೆ ಕಟ್ಟಿಕೊಂಡು ಮಂಜಿನ ಊರಿಗೆ ಬಂದ. ಆರು ವರ್ಷ ಚೆನ್ನಾಗಿತ್ತು. ಮನೆ ತುಂಬ ಅವನ ಹಾಡು, ಅವನ ಬೈಗುಳ, ಅವನ ಟೊಮೆಟೊ ಸಾರಿನ ಘಮ.

ಆಮೇಲೆ ಮಗು. ಐದನೆಯ ತಿಂಗಳಲ್ಲಿ, ಹೊಟ್ಟೆಯೊಳಗೇ, ದೀಪ ಆರಿದ ಹಾಗೆ...

ಅಂದಿನಿಂದ ಸಬಾತೊ ಅವಳನ್ನು ಮುಟ್ಟಲಿಲ್ಲ. ಬಯ್ಯಲೂ ಇಲ್ಲ, ಅಳಲೂ ಇಲ್ಲ. ಹಾಸಿಗೆಯ ಅಂಚಿನಲ್ಲಿ ಮಲಗುತ್ತಿದ್ದ, ಅಪರಿಚಿತರ ಮನೆಯಲ್ಲಿ ಉಳಿದ ನೆಂಟನ ಹಾಗೆ. ಮಗುವಿನ ಮಾತು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. ದುಃಖವನ್ನು ಇಬ್ಬರು ಹೊತ್ತರೆ ಅದು ಪಲ್ಲಕ್ಕಿ, ಒಬ್ಬರೇ ಹೊತ್ತರೆ ಹೆಣ. ಒರ್ನೆಲ್ಲಾ ಮೂರು ವರ್ಷ ಒಬ್ಬಳೇ ಹೊತ್ತಳು.

ಈ ಪ್ರವಾಸ ಅವಳದೇ ಹಟ. ಅವನು ನೇಪಲ್ಸ್ ಬೇಡವೆಂದಿದ್ದ; ವೆನಿಸಿಗೆ ಹೋಗೋಣ, ರೋಮಿಗೆ ಹೋಗೋಣ ಎಂದಿದ್ದ. ಶುರುವಾದ ಕಡೆಯೇ ಹುಡುಕಬೇಕು ಎಂದು ಅವಳಿಗೆ. ಶುಕ್ರವಾರ ಬಂದಿದ್ದರು, ಮಂಗಳವಾರ ಬೆಳಗ್ಗೆ ವಾಪಸು ರೈಲು. ಐದು ದಿನ. ಅಷ್ಟರಲ್ಲಿ ಅವನು ತನ್ನವನಾಗದಿದ್ದರೆ ದಾರಿಯಲ್ಲಿ ಬೊಲೋನ್ಯಾದಲ್ಲಿ ಇಳಿದು ಅಕ್ಕನ ಮನೆಗೆ ಹೋಗಿಬಿಡುವುದು. ಅಕ್ಕ ಆಗಲೇ ಕೋಣೆ ಗುಡಿಸಿ ಇಟ್ಟಿದ್ದಳು.

ಇದನ್ನು ಅವಳು ಗಂಡನಿಗೆ ಹೇಳಿರಲಿಲ್ಲ.

---

ಮಟಮಟ ಮಧ್ಯಾಹ್ನ ಆ ಊರಿನಲ್ಲಿ ಯಾರೂ ಹೊರಗೆ ಓಡಾಡುವುದಿಲ್ಲ. ಅಂಗಡಿ ಮುಚ್ಚುತ್ತವೆ, ಕಿಟಕಿ ಮುಚ್ಚುತ್ತವೆ. ಅದು ಬದುಕಿದವರ ಹೊತ್ತಲ್ಲ ಎಂದು ಹಿಂದಿನವರ ನಂಬಿಕೆ. ಬಾಡಿಗೆ ಕೋಣೆಯ ಅರೆಗತ್ತಲಲ್ಲಿ ಒರ್ನೆಲ್ಲಾಳಿಗೆ ಮಂಪರು ಹತ್ತಿತು.

ಕಾಲ ಬುಡದಲ್ಲಿ ಯಾರೋ ಕೂತರು. ಹಾಸಿಗೆ ಅಷ್ಟೇ ಅಷ್ಟು ಒತ್ತಿತು, ಬೆಕ್ಕು ಹತ್ತಿದ ಹಾಗೆ.

ಅವಳು ಕಣ್ಣು ತೆರೆದಳೋ, ಕನಸಿನಲ್ಲೇ ತೆರೆದಳೋ. ಹದಿನೆಂಟಿರಬಹುದು, ಒಬ್ಬ ಹುಡುಗಿ. ಬರಿಗಾಲು. ತುಟಿ ಬಿರಿದಿದ್ದವು, ಬೇಸಿಗೆಯ ಗದ್ದೆ ಬಿರಿಯುವ ಹಾಗೆ.

"ತಂಪು ಮಾಡಕ್ಕಾ," ಎಂದಳು ಹುಡುಗಿ. "ಒಳಗೆಲ್ಲಾ ಉರಿ."

"ಯಾರು ನೀನು?"

"ಅವನು ನನ್ನ ವಿಷಯ ಹೇಳೇ ಇಲ್ವಾ ನಿಂಗೆ?"

ಒರ್ನೆಲ್ಲಾ ಬೆಚ್ಚಿ ಎದ್ದು ಕೂತಳು. ಪಕ್ಕದ ದಿಂಬು ತಣ್ಣಗಿತ್ತು. ಸಬಾತೊ ಇರಲಿಲ್ಲ.

ಒಂದು ಗಂಟೆಯ ಮೇಲೆ ಬಂದ. ಪ್ಯಾಂಟಿನ ಎರಡು ಮೊಣಕಾಲಲ್ಲೂ ಬಿಳಿ ಧೂಳು. ಮೈಗೆ ಮೇಣದಬತ್ತಿಯ ವಾಸನೆ.

"ಎಲ್ಲಿ ಹೋಗಿದ್ದೆ?"

"ಸಿಗರೇಟು ತರೋಣ ಅಂತ."

"ಎಲ್ಲಾ ಅಂಗಡಿ ಮುಚ್ಚಿದೆಯಲ್ಲ."

"ಅದಕ್ಕೇ ಸಿಗ್ಲಿಲ್ಲ."

ಅವನು ಮುಖ ತೊಳೆಯಲು ಹೋದ. ಒರ್ನೆಲ್ಲಾ ಆ ಧೂಳಿನ ಗುರುತುಗಳನ್ನೇ ನೋಡಿದಳು. ಗಾರೆಯವನ ಮೈಮೇಲೆ ಧೂಳು ಹೊಸದಲ್ಲ. ಆದರೆ ಮೊಣಕಾಲ ಮೇಲೆ ಮಾತ್ರ ಬರುವ ಧೂಳು... ಅದು ಕೆಲಸದ್ದಲ್ಲ.

'ಯಾರ ಮುಂದೆ ಮೊಣಕಾಲೂರಿದ್ದೀಯ ನೀನು?'

---

ಭಾನುವಾರ ಸಮುದ್ರದೊಳಕ್ಕೆ ಚಾಚಿದ ಹಳೆಯ ಕೋಟೆ ನೋಡಲು ಹೋದರು. ಗಾಳಿ ಇಳಿದಿರಲಿಲ್ಲ. ಕೊಲ್ಲಿಯ ಆಚೆ ಬೆಂಕಿಬೆಟ್ಟ ಮಬ್ಬಿನಲ್ಲಿ ಮುಖ ಮರೆಸಿಕೊಂಡಿತ್ತು. ದಾರಿಯ ಅಂಗಡಿಗಳ ತುಂಬ ಸತ್ತವರ ಹಬ್ಬದ ಮಿಠಾಯಿ. ಚಾಕಲೇಟಿನ ಉದ್ದನೆಯ ಅಚ್ಚುಗಳನ್ನು ಗಂಡುಗಳು ತಮ್ಮ ಹುಡುಗಿಯರಿಗೆ ಕೊಡಿಸುತ್ತಿದ್ದರು.

"ಈ ಕೋಟೆ ಅಡಿಯಲ್ಲಿ ಒಂದು ಮೊಟ್ಟೆ ಇದೆ ಅಂತ ಹೇಳಿದ್ದೆ ನೀನು ಆವತ್ತು," ಎಂದಳು ಒರ್ನೆಲ್ಲಾ. "ಅದು ಒಡೆದ್ರೆ ಊರೇ ಮುಳುಗಿ ಹೋಗುತ್ತೆ ಅಂತ. ಇನ್ನೂ ಒಡೆದಿಲ್ವಾ?"

"ನೇಪಲ್ಸಿನ ಕೋಳಿದು. ಗಟ್ಟಿ."

ಅವಳು ನಕ್ಕಳು. ಅವನೂ ನಕ್ಕ. ಗಾಳಿಗೆ ಅವಳ ಕೂದಲು ಬಾಯಿಗೆ ಬಂತು. ಅವನ ಕೈ ತಾನಾಗಿ ಮುಂದೆ ಬಂದು ಕೂದಲನ್ನು ಸರಿಸಿ ಕಿವಿಯ ಹಿಂದೆ ಇಟ್ಟಿತು. ಮೂರು ವರ್ಷದಲ್ಲಿ ಮೊದಲ ಬಾರಿ.

ಮರುಕ್ಷಣ ಅವನು ಕಾದ ಬಾಣಲೆ ಮುಟ್ಟಿದವನಂತೆ ಕೈ ಎಳೆದುಕೊಂಡ. ಎಳೆದುಕೊಂಡು ಸುತ್ತ ನೋಡಿದ, ಯಾರಾದರೂ ಕಂಡರೇನೋ ಎಂಬಂತೆ.

ಒರ್ನೆಲ್ಲಾಳ ಒಳಗೆ ಮೂರು ವರ್ಷದ ಕಟ್ಟೆ ಒಡೆಯಿತು.

"ಯಾರು ಅವಳು?"

"ಯಾರು?"

"ಒಂಬತ್ತು ವರ್ಷದಿಂದ ಕಾಯ್ತಿರೋಳು. ನೀನು ನಿನ್ನೆ ನೋಡೋಕೆ ಹೋಗಿದ್ಯಲ್ಲ, ಅವಳು. ನನ್ನ ಮುಟ್ಟಿದ್ದು ಅವಳಿಗೆ ಗೊತ್ತಾಗುತ್ತೆ ಅಂತ ಹೀಗೆ ಹೆದರ್ಕೋತಿದ್ದೀಯಲ್ಲ, ಅವಳು."

ಸಬಾತೊ ಸಮುದ್ರದ ಕಡೆ ತಿರುಗಿದ.

"ಅವಳು ಬದುಕಿಲ್ಲ ಒರ್ನೆ."

"ಸತ್ತಿದ್ದಾಳಾ?"

"ಹೂಂ."

"ಹೆಸರು?"

"ಚೆಸಾರಿನಾ." ಆ ಹೆಸರನ್ನು ಅವನು ಮೆಲ್ಲಗೆ ಹೇಳಿದ. ಹೆದರಿಕೆಯಿಂದಲೋ, ಪ್ರೀತಿಯಿಂದಲೋ ತಿಳಿಯಲಿಲ್ಲ. "ಇನ್ನೇನೂ ಕೇಳ್ಬೇಡ. ದಮ್ಮಯ್ಯ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವಳು ಮತ್ತೆ ಕೇಳಲಿಲ್ಲ. ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು. ಸತ್ತವಳು ಮುದುಕಿಯಾಗುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, ಗಂಡ ಕಾಲುಚೀಲ ಎಲ್ಲೋ ಬಿಸಾಡಿದ್ದಕ್ಕೆ ಕೂಗಾಡುವುದಿಲ್ಲ. ಅವಳೊಡನೆ ಯಾರು ಗೆದ್ದಾರು?

ಆ ಮಧ್ಯಾಹ್ನವೂ ಅವಳು ಮಲಗಿದಳು, ನಿದ್ದೆ ಬೇಡವೆಂದು ಕಣ್ಣು ಬಿಟ್ಟುಕೊಂಡೇ. ಆದರೂ ಕಾಲ ಬುಡದಲ್ಲಿ ಹಾಸಿಗೆ ಒತ್ತಿತು. ಹುಡುಗಿ ಬೆನ್ನು ಮಾಡಿ ಕೂತಿದ್ದಳು. ಮಡಿಲಲ್ಲಿ ಏನನ್ನೋ ಇಟ್ಟುಕೊಂಡು ಮೆಲ್ಲಗೆ ತೂಗುತ್ತಿದ್ದಳು. ಬಟ್ಟೆಯಲ್ಲಿ ಸುತ್ತಿದ್ದು, ಅಂಗೈ ಅಗಲದ್ದು. ಗಂಟಲಲ್ಲೇ ಏನೋ ಗುನುಗುತ್ತಿದ್ದಳು.

"ಏನದು?" ಎಂದು ಕೇಳಬೇಕೆಂದರೆ ಒರ್ನೆಲ್ಲಾಳ ನಾಲಿಗೆ ಏಳಲಿಲ್ಲ.

ಎಚ್ಚರವಾದಾಗ ಆ ಬಿಸಿಗಾಳಿಯಲ್ಲೂ ಅವಳ ಪಾದ ಮಂಜುಗಡ್ಡೆಯಾಗಿದ್ದವು. ಪಕ್ಕದ ದಿಂಬು ಮತ್ತೆ ಖಾಲಿ.

---

ಸೋಮವಾರ ಬೆಳಗ್ಗೆ ಗಂಡ ಎದ್ದು ಹೋದದ್ದನ್ನು ಅವಳು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಬಾಗಿಲು ಎಳೆದ ಸದ್ದು, ಮೆಟ್ಟಿಲಿಳಿದ ಸದ್ದು. ಎದ್ದು, ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಳು. ಮಂಗಳವಾರದ ರೈಲಿಗೆ ಸೋಮವಾರವೇ ಕಟ್ಟಿದ ಪೆಟ್ಟಿಗೆ. ಆಮೇಲೆ ಹೊರಟಳು. ಹೋಗುವುದಂತೂ ನಿಜ, ಆದರೆ ಸೋತದ್ದು ಯಾರಿಗೆಂದು ತಿಳಿಯದೆ ಹೋಗಲಾರಳು.

ಸಂತೆಬೀದಿಯಲ್ಲಿ ಆ ಮುದುಕಿ ಮನೆ ಮುಂದೆ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಸೋಸುತ್ತಿದ್ದಳು. ಕೇರಿಯವರು ಅವಳನ್ನು ಡೊನ್ನಾ ಜೆಸುಮಿನಾ ಎಂದು ಕರೆಯುತ್ತಿದ್ದರು.

"ಬಂದ್ಯಾ ತಾಯೀ," ಎಂದಳು ತಲೆಯೆತ್ತದೆ. "ನಿನ್ನೇನೇ ಬರ್ತೀಯ ಅಂದ್ಕೊಂಡಿದ್ದೆ. ಉತ್ತರದೋರು ನಿಧಾನ."

"ಡೊನ್ನಾ ಜೆಸುಮಿನಾ, ಚೆಸಾರಿನಾ ಅಂದ್ರೆ ಯಾರು?"

"ತಿಂಡಿ ಆಯ್ತಾ?"

"ನಂಗೆ ತಿಂಡಿ ಬೇಡ."

"ಖಾಲಿ ಹೊಟ್ಟೇಲಿ ಅವರನ್ನ ನೋಡೋಕೆ ಹೋಗ್ಬಾರದು." ಒಂದು ತುಂಡು ರೊಟ್ಟಿ ಮುರಿದು ಅವಳ ಕೈಗಿಟ್ಟಳು. "ತಿನ್ನು. ಆಮೇಲೆ ಕರ್ಕೊಂಡು ಹೋಗ್ತೀನಿ. ಅಳು ಬಂದ್ರೆ ಅಳು, ಕಿರುಚ್ಬೇಡ. ಅಲ್ಲಿರೋರಿಗೆ ಕಿರುಚಿದ್ರೆ ಆಗಲ್ಲ."

ಕೇರಿಯ ತುದಿಯಲ್ಲಿ ಒಂದು ಪುಟ್ಟ ಇಗರ್ಜಿ. ಪೀಠದ ಹಿಂದೆ ಒಂದು ಬಾಗಿಲು, ಅಲ್ಲಿಂದ ಕೆಳಗೆ ಕಲ್ಲಿನ ಮೆಟ್ಟಿಲು. ಇಳಿದಂತೆಲ್ಲ ಗಾಳಿ ತಣ್ಣಗಾಯಿತು, ಬೀದಿಯ ಗದ್ದಲ ಸತ್ತಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಕೊನೆಯ ಮೆಟ್ಟಿಲಲ್ಲಿ ಒರ್ನೆಲ್ಲಾ ನಿಂತುಬಿಟ್ಟಳು.

ಗೋಡೆಗುಂಟ ಸಾಲುಸಾಲಾಗಿ ತಲೆಬುರುಡೆಗಳು. ನೂರಾರು. ಕೆಲವಕ್ಕೆ ಮರದ ಪೆಟ್ಟಿಗೆ, ಕೆಲವಕ್ಕೆ ಕಸೂತಿ ಹಾಕಿದ ದಿಂಬು, ಕೆಲವಕ್ಕೆ ಬರೀ ನೆಲ. ಅಲ್ಲಲ್ಲಿ ಹಣತೆಗಳು.

"ಹೆದರ್ಬೇಡ," ಎಂದು ಪಿಸುಗುಟ್ಟಿದಳು ಜೆಸುಮಿನಾ. "ಪ್ಲೇಗಲ್ಲಿ, ಬರದಲ್ಲಿ ಸತ್ತು ಗುಂಡಿಗೆ ಬಿದ್ದೋರು. ಹೆಸರಿಲ್ಲ, ಅಳೋರಿಲ್ಲ, ಪ್ರಾರ್ಥನೆ ಹೇಳೋರಿಲ್ಲ. ಇನ್ನೂ ಬೆಂಕೀಲಿ ಬೇಯ್ತಿದ್ದಾರೆ, ಸ್ವರ್ಗದ ಬಾಗಿಲು ತೆಗೀಲಿ ಅಂತ. ನಾವು ಒಬ್ಬೊಬ್ರನ್ನ ಸಾಕ್ಕೋತೀವಿ. ಹೆಸರಿಡ್ತೀವಿ, ಒರೆಸ್ತೀವಿ, ತಂಪು ಕೋರ್ತೀವಿ. ಅವರು ನಮ್ಮ ಪರವಾಗಿ ಮೇಲೆ ಎರಡು ಮಾತು ಹೇಳ್ತಾರೆ."

ಅಷ್ಟರಲ್ಲಿ ಮೂಲೆಯಿಂದ ಒಂದು ದನಿ ಕೇಳಿಸಿತು. ಒರ್ನೆಲ್ಲಾಳಿಗೆ ಆ ದನಿ ಗೊತ್ತಿತ್ತು. ಆದರೆ ಆ ಮೃದುತನವನ್ನು ಅವಳು ಮೂರು ವರ್ಷದಿಂದ ಕೇಳಿರಲಿಲ್ಲ.

ಸಬಾತೊ ಮೊಣಕಾಲೂರಿ ಕೂತಿದ್ದ. ಒದ್ದೆ ಕರವಸ್ತ್ರದಿಂದ ಒಂದು ಸಣ್ಣ ಬುರುಡೆಯ ಹಣೆ ಒರೆಸುತ್ತಿದ್ದ, ಜ್ವರ ಬಂದವರ ಹಣೆ ಒರೆಸುವ ಹಾಗೆ.

"ಚೆಸಾರಿನಾ... ಅವಳು ಅಳ್ತಾಳಾ? ಬಿಸಿಗಾಳಿ ಅಲ್ವಾ, ಸೆಕೆ ಆಗ್ತಿರುತ್ತೆ ಅವಳಿಗೆ. ಸ್ವಲ್ಪ ಎತ್ಕೊಂಡು ಓಡಾಡ್ಸೇ. ಐದೇ ತಿಂಗಳ ಮಗು... ಭಾರ ಇರಲ್ಲ. ನಿಂಗೆ ನನ್ನ ಮೇಲೆ ಸಿಟ್ಟು, ಗೊತ್ತು. ಮಗು ಮೇಲೆ ತೋರಿಸ್ಬೇಡ. ಅವಳ ತಾಯಿ ಮೇಲೂ ಬೇಡ. ನೋಡು, ನಾನು ಅವಳನ್ನ ಮುಟ್ಟೇ ಇಲ್ಲ... ನಿನ್ನೆ ಕೂದಲು ಸರಿಸಿದೆ, ಅಷ್ಟೇ. ಮರೆತು ಸರಿಸಿದೆ."

ಒರ್ನೆಲ್ಲಾ ಗೋಡೆ ಹಿಡಿದಳು. ಕಲ್ಲು ಒದ್ದೆಯಾಗಿತ್ತು. ಅವಳ ಕಣ್ಣ ಮುಂದೆ ಆ ಹುಡುಗಿಯ ಮಡಿಲು ಬಂತು, ಅಂಗೈ ಅಗಲದ ಬಟ್ಟೆ ಸುತ್ತು...

'ಸವತಿಯಲ್ಲ. ನನ್ನ ಮಗುವನ್ನ ಎತ್ಕೊಂಡಿರೋಳು ಇವಳು.'

"ಸಬಾ," ಎಂದಳು.

ಅವನು ತಿರುಗಿ ನೋಡಿ, ಬುರುಡೆಗೂ ಅವಳಿಗೂ ನಡುವೆ ಎರಡೂ ಕೈ ಚಾಚಿ ಅಡ್ಡ ನಿಂತ.

"ಹೋಗು ಒರ್ನೆ, ಮೇಲೆ ಹೋಗು. ಅವಳ ಕಣ್ಣಿಗೆ ಬೀಳ್ಬೇಡ."

"ಅವಳಿಗೆ ಕಣ್ಣೆಲ್ಲೋ ಪೆದ್ದ," ಎಂದಳು ಜೆಸುಮಿನಾ. "ಹೇಳು ಹೆಂಡ್ತಿಗೆ. ಇವತ್ತು ಹೇಳ್ದೆ ಇದ್ರೆ ನಾನು ಹೇಳ್ತೀನಿ. ನಂಗೆ ಕಥೆಗೆ ಉಪ್ಪು ಖಾರ ಹಾಕೋ ಚಾಳಿ, ಆಮೇಲೆ ಬೇಜಾರು ಮಾಡ್ಕೋಬೇಡ."

ಸಬಾತೊನ ಕೈಗಳು ಇಳಿದವು. ಹೇಳಿದ, ನೆಲ ನೋಡುತ್ತ.

"ನೀನು ಆ ಮೂರು ದಿನ ಇದ್ದು ಹೋದೆಯಲ್ಲ, ನಂಗೆ ಊಟ ಸೇರ್ಲಿಲ್ಲ. ಇಲ್ಲಿಗೆ ಬಂದೆ. ಇವಳಿಗೆ ಯಾರೂ ಇರ್ಲಿಲ್ಲ, ನೆಲದ ಮೇಲೆ ಬಿದ್ದಿದ್ಲು. ಹೆಸರಿಟ್ಟೆ, ದಿಂಬು ಕೊಟ್ಟೆ. ಆ ಅಕ್ಕಿ ಊರಿನ ಹುಡುಗಿ ನಂಗೆ ಸಿಗ್ಲಿ, ಸಿಕ್ರೆ ಕೈ ಹಿಡಿದು ಕರ್ಕೊಂಡು ಬಂದು ನಿನ್ನ ಮುಂದೆ ನಿಲ್ಲಿಸ್ತೀನಿ, ಅವಳ ಕೈಯಿಂದ್ಲೇ ನಿಂಗೆ ತಂಪು ಮಾಡಿಸ್ತೀನಿ ಅಂತ ಹರಕೆ ಹೊತ್ತೆ. ಒಂಬತ್ತು ಸೋಮವಾರ ಬಂದೆ. ಒಂಬತ್ತನೇ ಸೋಮವಾರ ನಿನ್ನ ಕಾಗದ ಬಂತು."

"ಮತ್ತೆ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಮದುವೆ ದಿನ ನಿಮ್ಮಪ್ಪ ತಮಾಷೆ ಮಾಡಿದ್ರಲ್ಲ, ತೆಂಕಣದೋರು ಮೂಳೆಗೆ ಮುತ್ತು ಕೊಡ್ತಾರಂತೆ ಅಂತ. ಎಲ್ಲಾ ನಕ್ರು. ನೀನೂ ನಕ್ಕೆ."

ಒರ್ನೆಲ್ಲಾಳಿಗೆ ನೆನಪಾಯಿತು. ಹೌದು, ನಕ್ಕಿದ್ದಳು. ಇವನೂ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ.

"ನಾಚಿಕೆ ಆಯ್ತು. ಮುಂದಿನ ವರ್ಷ, ಮುಂದಿನ ವರ್ಷ ಅಂತ ತಳ್ಳಿದೆ. ಆಮೇಲೆ ಮಗು ಹೋಯ್ತು. ಕೊಟ್ಟೋಳೇ ವಾಪಸ್ ತಗೋತಿದ್ದಾಳೆ ಅಂತ ಗೊತ್ತಾಯ್ತು. ಮೊದ್ಲು ಮಗು, ಆಮೇಲೆ ನೀನು. ಅದಕ್ಕೆ ನಿನ್ನ ಮೇಲೆ ಆಸೆ ಇಲ್ಲದೋನ ಹಾಗೆ ಇದ್ದೆ. ಬೇಡವಾದ ವಸ್ತುನ ಯಾರೂ ಕಿತ್ಕೊಳ್ಳಲ್ವಲ್ಲ ಒರ್ನೆ."



"ನಾಳೆ ನಾನು ಬೊಲೋನ್ಯಾದಲ್ಲಿ ಇಳಿದು ಅಕ್ಕನ ಮನೆಗೆ ಹೋಗೋಳಿದ್ದೆ," ಎಂದಳು ಒರ್ನೆಲ್ಲಾ.

"ಗೊತ್ತಿತ್ತು. ನಿಮ್ಮಕ್ಕ ಫೋನಲ್ಲಿ ಮೆಲ್ಲಗೆ ಮಾತಾಡೋದು ಕಲಿತಿಲ್ಲ."

"ಗೊತ್ತಿದ್ದೂ ತಡೀಲಿಲ್ವಾ?"

"ನನ್ನಿಂದ ದೂರ ಇದ್ರೆ ಬದುಕಿರ್ತೀಯ ಅಂತ..."

ಆಗ ಜೆಸುಮಿನಾ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಅಯ್ಯೋ ನಿನ್ನ ಮನೆ ಕಾಯೋಗ. ನಲವತ್ತು ವರ್ಷ ಇವರ ಜೊತೆ ಇದ್ದೀನಿ ನಾನು. ಇವರು ಬೇಡೋ ಜಾತಿ ಕಣೋ, ಕಿತ್ಕೊಳ್ಳೋ ಜಾತಿ ಅಲ್ಲ. ಒಂದು ಹನಿ ತಂಪಿಗೆ ಬಾಯಿ ಬಿಡೋರು ನಿನ್ನ ಮಗುನ ತಿಂತಾರಾ? ದೇವರು ಕರ್ಕೊಂಡ. ಯಾಕೆ ಅಂತ ನಂಗೂ ಹೇಳಿಲ್ಲ, ನಮ್ಮ ಪಾದ್ರಿಗೂ ಹೇಳಿಲ್ಲ. ನೀನು ಒಬ್ಬಳಿಗೆ ಮಾತು ಕೊಟ್ಟು ತಪ್ಪಿಸ್ದೆ, ಅದು ತಪ್ಪು. ಇನ್ನೊಬ್ಬಳನ್ನ ಮೂರು ವರ್ಷ ಒಂಟಿ ಮಾಡ್ದೆ, ಅದು ದೊಡ್ಡ ತಪ್ಪು."

ಒರ್ನೆಲ್ಲಾ ಮುಂದೆ ಬಂದಳು. ಸಬಾತೊ ಬೇಡವೆಂದು ತಲೆಯಾಡಿಸಿದ. ಅವಳು ಅವನ ಕೈಯಿಂದ ಒದ್ದೆ ಕರವಸ್ತ್ರ ತೆಗೆದುಕೊಂಡು ಬುರುಡೆಯ ಮುಂದೆ ಕೂತಳು. ಸಣ್ಣ ತಲೆ. ಹಲ್ಲುಗಳು ಇನ್ನೂ ಎಳೆಯವು. ಹದಿನೆಂಟಿರಬಹುದು.

ಇಂಥದ್ದನ್ನೆಲ್ಲ ನಂಬದ ಊರಿನವಳು ಅವಳು. ಆದರೆ ಎರಡು ಮಧ್ಯಾಹ್ನ ತನ್ನ ಕಾಲ ಬುಡದಲ್ಲಿ ಕೂತವಳನ್ನು ನಂಬದೆ ಹೇಗೆ ಇರುವುದು?

"ನೀನು ಬಂದಿದ್ದೆ ಅಲ್ವಾ," ಎಂದಳು ಮೆಲ್ಲಗೆ. "ತಂಪು ಕೇಳಿದ್ದೆ. ನಿನ್ನೆ ಬಂದಾಗ ಮಡಿಲಲ್ಲಿ ಮಗು ಇತ್ತು. ಬಟ್ಟೇಲಿ ಸುತ್ತಿದ್ದೆ, ತೂಗ್ತಿದ್ದೆ."

ಸಬಾತೊ ಅವಳ ಪಕ್ಕಕ್ಕೆ ಬಂದ. "ಒರ್ನೆ... ಅದನ್ನ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನೋಡಿದೆ."

ಜೆಸುಮಿನಾ ಶಿಲುಬೆಯ ಗುರುತು ಹಾಕಿಕೊಂಡು ಗೋಡೆಗೊರಗಿದಳು.

"ಚೆಸಾರಿನಾ, ನಾನು ಒರ್ನೆಲ್ಲಾ. ಇವನು ಕೇಳಿಕೊಂಡ ಹುಡುಗಿ. ನೀನು ಕಳಿಸಿದ್ಯೋ, ನಾನೇ ಬಂದ್ನೋ ಗೊತ್ತಿಲ್ಲ. ಟೋಪಿ ಮೇಲಿನ ಗಾರೆ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ, ಅದಕ್ಕೆ ಅವನನ್ನ ಬಯ್ಯೋಣ ಅಂತ ಕಾಗದ ಬರೆಯೋಕೆ ಕೂತೆ. ಬರೆದದ್ದು ಬೇರೆ ಆಯ್ತು. ಅದು ನಿನ್ನ ಕೆಲಸ ಆಗಿದ್ರೆ... ಒಳ್ಳೇ ಕೆಲಸ ಮಾಡ್ದೆ." ಅವಳು ಆ ಹಣೆಯನ್ನು ಒರೆಸಿದಳು, ಕೆನ್ನೆಯ ಮೂಳೆ ಒರೆಸಿದಳು, ಬಾಯಿಯ ಬಳಿ ಬಂದಾಗ ಕರವಸ್ತ್ರವನ್ನು ಸ್ವಲ್ಪ ಹಿಂಡಿದಳು. ಎರಡು ಹನಿ ಬಿದ್ದವು. "ನನ್ನ ಮಗುನ ಎತ್ಕೊಂಡಿದ್ದೀಯ. ನಿಂಗೆ ತಂಪಾಗ್ಲಿ ತಾಯೀ."

"ತಂಪಾಗಲಿ," ಎಂದಳು ಜೆಸುಮಿನಾ ಹಿಂದಿನಿಂದ, ಪ್ರಾರ್ಥನೆಗೆ ದನಿಗೂಡಿಸುವಂತೆ.

ಸಬಾತೊ ನಿಂತಲ್ಲೇ ಕುಸಿದು ಕೂತ. ಮೂರು ವರ್ಷ ಒಣಗಿದ್ದ ಕಣ್ಣು. ಮೊದಲು ಸದ್ದು ಬಂತು, ಆಮೇಲೆ ನೀರು. ಒರ್ನೆಲ್ಲಾ ಅವನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಅವನು ಸುತ್ತ ನೋಡಲಿಲ್ಲ, ಕೈ ಹಿಂದೆ ತೆಗೆಯಲಿಲ್ಲ. ಮುಳುಗುವವನು ಹಗ್ಗ ಹಿಡಿಯುವ ಹಾಗೆ ಅವಳನ್ನು ಹಿಡಿದ.

"ಅವಳಿಗೆ ಹೆಸರಿಟ್ಟಿದ್ದೀಯಾ?" ಎಂದು ಅವಳು ಅವನ ಕೂದಲಿಗೆ ಬಾಯಿ ಇಟ್ಟು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ಏನಂತ?"

"ಕ್ಲೇಲಿಯಾ."

ತಾಯಿಯಿಲ್ಲದ ಒರ್ನೆಲ್ಲಾಳನ್ನು ಗದ್ದೆಯ ಬದುವಿನ ಮೇಲೆ ಕೂರಿಸಿಕೊಂಡು ಬೆಳೆಸಿದ ಅಜ್ಜಿಯ ಹೆಸರು ಅದು.

"ನಿಮ್ಮ ಕಡೆ ಮೊದಲ ಮಗಳಿಗೆ ಅಪ್ಪನ ತಾಯಿ ಹೆಸರೇ ಇಡ್ಬೇಕಲ್ವಾ?"

"ಇಡ್ಬೇಕು."

"ನಿಮ್ಮಮ್ಮ ಬೇಜಾರು ಮಾಡ್ಕೊಳ್ಳಲ್ವಾ?"

"ಸತ್ತು ಮೇಲೆ ಹೋದಾಗ ಬೈಸ್ಕೋತೀನಿ." ಅವನು ಮುಖ ಎತ್ತಿದ. "ನಿಂಗೆ ಬೇರೆ ಹೆಸರು ಇಷ್ಟ ಇತ್ತಾ?"

"ಇಲ್ಲ. ಇನ್ನೊಂದು ಸಲ ಹೇಳು."

"ಕ್ಲೇಲಿಯಾ."

"ನಾಳೆ ರೈಲಲ್ಲಿ ಪೂರ್ತಿ ದಾರಿ ಅವಳ ಮಾತೇ ಆಡ್ಬೇಕು ನೀನು. ಬೊಲೋನ್ಯಾ ಬಂದಿದ್ದು ನಂಗೆ ಗೊತ್ತೇ ಆಗ್ಬಾರ್ದು."

"ನಿಮ್ಮಕ್ಕ ಕೋಣೆ ಗುಡಿಸಿದ್ದಾಳೆ, ಪಾಪ."

"ಗುಡಿಸ್ಲಿ ಬಿಡು, ವರ್ಷಕ್ಕೊಂದು ಸಲ ಆದ್ರೂ."

ಅವನು ನಕ್ಕ. ಅಳುವಿನ ನಡುವೆ ಬಂದ ನಗು, ಮೂಗಿನಲ್ಲಿ ಸಿಕ್ಕಿಕೊಂಡಿತು.

ಜೆಸುಮಿನಾ ಅವರನ್ನು ದಾಟಿ ಹೋಗಿ ಚೆಸಾರಿನಾಳ ಮುಂದೆ ಬಗ್ಗಿದಳು. ಒಂದು ಕೈಯಿಂದ ಬುರುಡೆಯನ್ನು ಹುಷಾರಾಗಿ ಎತ್ತಿ, ಇನ್ನೊಂದು ಕೈಯನ್ನು ದಿಂಬಿನ ಅಡಿಗೆ ತೂರಿಸಿದಳು. ಮೂರು ಲಕೋಟೆ ಹೊರಬಂದವು. ತೇವಕ್ಕೆ ಅಂಚು ಹಳದಿಯಾಗಿತ್ತು. ವೆರ್ಚೆಲ್ಲಿಯ ಅಂಚೆ ಮುದ್ರೆ. ಒಂದನ್ನೂ ಒಡೆದಿರಲಿಲ್ಲ.

"ಮಗು ಹೋದಾಗಿನಿಂದ ವರ್ಷಕ್ಕೊಂದು ಬರೆದು ಹಾಕಿದ, ಇವಳ ಹೆಸರಿಗೆ, ನನ್ನ ವಿಳಾಸಕ್ಕೆ," ಎಂದಳು ಮುದುಕಿ. "ಮೇಲಿನ ಹೆಸರು ಅಂಚೆಯವನು ಓದಿ ಹೇಳ್ದ, ನಂಗೆ ಓದು ಬರಲ್ಲ. ಇವಳಿಗೆ ಕಣ್ಣಿಲ್ಲ."

ಸಬಾತೊ ಕೈ ಚಾಚಿದ. ಅವಳು ಅವನಿಗೆ ಕೊಡಲಿಲ್ಲ. ಮೂರನ್ನೂ ತನ್ನ ಕಪ್ಪು ಉಡುಪಿಗೆ ಒಂದೊಂದಾಗಿ ಒರೆಸಿ, ಒರ್ನೆಲ್ಲಾಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅವುಗಳ ಮೇಲೆ ಮೆಲ್ಲಗೆ ಮಡಚಿದಳು.